ನಾಲ್ಕನೇ ಕ್ಲಾಸಿಗೆ ಏಳು ಮೆಟ್ಟಿಲು

ಕಾಫಿಹೂ:
ನಮ್ಮದು ಕೊಡಗಿನ ನಾಪೋಕ್ಲು ಕಡೆ. ಮಗನಿಗೆ ಒಂಬತ್ತು ವರ್ಷ, ಸೆರೆಬ್ರಲ್ ಪಾಲ್ಸಿ. ವಾಕರ್ ಹಿಡಿದು ನಡೆಯುತ್ತಾನೆ. ಸರ್ಕಾರಿ ಶಾಲೆ. ಮೂರನೇ ಕ್ಲಾಸಿನವರೆಗೆ ತೊಂದರೆ ಇರಲಿಲ್ಲ, ನಲಿ-ಕಲಿ ಕೋಣೆ ಅಂಗಳಕ್ಕೆ ಸಮ. ಈ ಜೂನ್‌ನಿಂದ ನಾಲ್ಕನೇ ಕ್ಲಾಸು, ಕೋಣೆ ಮೇಲಿನ ದಿಬ್ಬದಲ್ಲಿ. ಏಳು ಮೆಟ್ಟಿಲು. ಮಳೆ ಹಿಡಿದ ಮೇಲೆ ಬರೀ ಪಾಚಿ, ದೊಡ್ಡವರೇ ಜಾರುತ್ತಾರೆ. ಬೆಳಿಗ್ಗೆ ನಾನೇ ಎತ್ತಿಕೊಂಡು ಹೋಗಿ ಕೂರಿಸಿ ತೋಟದ ಕೆಲಸಕ್ಕೆ ಓಡುತ್ತೇನೆ.

ನೀರಿನ ಬಾಟಲಿ ದಿನಾ ತುಂಬಿದ್ದು ತುಂಬಿದ ಹಾಗೇ ವಾಪಸ್ ಬರುತ್ತಿತ್ತು. ಮೊನ್ನೆ ಗದರಿಸಿ ಕೇಳಿದೆ. "ಕುಡಿದರೆ ಟಾಯ್ಲೆಟ್ಟಿಗೆ ಕೆಳಗೆ ಇಳೀಬೇಕಲ್ಲಮ್ಮಾ" ಅಂದ.

ಶಾಲೆಯಲ್ಲಿ ಕೇಳಿದರೆ "ಮೈಸೂರಿನ ಸ್ಪೆಷಲ್ ಸ್ಕೂಲಿಗೆ ಹಾಕಿ, ಅವನಿಗೇ ಒಳ್ಳೇದು" ಅನ್ನುತ್ತಾರೆ. ಲೆಕ್ಕದಲ್ಲಿ ಅವನೇ ಕ್ಲಾಸಿಗೆ ಮುಂದು! ರ‍್ಯಾಂಪ್ ಕೇಳುವ ಹಕ್ಕು ನಮಗಿದೆಯಾ?

ರಿಟೈರ್ಡ್ ಮೇಷ್ಟ್ರು:
ಇದೆಯಮ್ಮಾ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಸೆಕ್ಷನ್ 31. ವೈಕಲ್ಯ ಶೇ 40ಕ್ಕೆ ಕಡಿಮೆ ಇಲ್ಲದ, 6ರಿಂದ 18 ವರ್ಷದ ಮಗು ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತವಾಗಿ ಓದಬಹುದು. ಯಾವುದು ಅನ್ನುವುದು ನಿಮ್ಮ ಆಯ್ಕೆ, ಶಾಲೆಯದ್ದಲ್ಲ. ಬಾಯಿಮಾತಲ್ಲಿ ಕೇಳಬೇಡಿ. ಅರ್ಜಿ ಬರೆದು ಹೆಡ್‌ಮಾಸ್ಟರಿಗೊಂದು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೊಂದು ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಬಿಆರ್‌ಸಿ ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಬಿಐಇಆರ್‌ಟಿ ಅಂತ ಇರುತ್ತಾರೆ, ಇಂಥ ಮಕ್ಕಳಿಗೆಂದೇ ಇರುವ ಶಿಕ್ಷಕರು. ಅವರನ್ನು ಒಮ್ಮೆ ಶಾಲೆಗೆ ಕರೆಸಿ.

ಗಾರೆ ಕೆಲಸ, ಕುಶಾಲನಗರ:
ಮೇಷ್ಟ್ರು ಹೇಳಿದ್ದು ಸರಿ. ಆದರೆ ರ‍್ಯಾಂಪ್‌ಗೆ ಒಂದಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ಮೆಟ್ಟಿಲು ಅರ್ಧರ್ಧ ಅಡಿ ಅಂದರೂ ಏಳಕ್ಕೆ ಮೂರೂವರೆ ಅಡಿ, ಅಲ್ಲಿಗೆ 42 ಅಡಿ ರ‍್ಯಾಂಪ್. ನಡುವೆ ನಿಂತು ತಿರುಗುವ ಜಾಗ ಬೇರೆ. ದಿಬ್ಬದ ಮೇಲೆ ಎಲ್ಲಿದೆ ಅಷ್ಟು ಜಾಗ? ಜಾಗ ಇಲ್ಲ ಅಂತ ಕಡಿದಾಗಿ ಕಟ್ಟಿದರೆ ನಮ್ಮ ಮಳೆಗೆ ಅದು ಜಾರುಬಂಡೆ. ಫೋಟೋ ತೆಗೆಸಿಕೊಳ್ಳಬಹುದು ಅಷ್ಟೇ.

ಪುಟ್ಟಿ ಅಮ್ಮ:
ಅಕ್ಕಾ, ಮಗು ಮೇಲೆ ಯಾಕೆ ಹತ್ತಬೇಕು? ಕ್ಲಾಸೇ ಕೆಳಗೆ ಬರಲಿ. ನಮ್ಮ ಮಗಳಿಗೆ ಹಾಗೇ ಮಾಡಿಸಿದೆವು. ಬೆಂಚು ಸಾಗಿಸಿದ ಹುಡುಗರಿಗೆ ಟೀ-ಬನ್ನು, ಅಷ್ಟೇ ಖರ್ಚು. ಟಾಯ್ಲೆಟ್ ಗೋಡೆಗೆ ಹಿಡಿದುಕೊಳ್ಳಲು ಒಂದು ಕಂಬಿ ಮೊದಲು ಹಾಕಿಸಿ. ನೀರಿನ ವಿಷಯ ಸುಮ್ನೆ ಬಿಡಬೇಡಿ. ನಮ್ಮವಳು ಹೀಗೇ ಮಾಡಿ ಉರಿಮೂತ್ರ ಬಂದು, ಆಸ್ಪತ್ರೆ ಅಲೆದಿದ್ದೇವೆ.

ಕಾಫಿಹೂ:
ಅಯ್ಯೋ, ಇದು ಹೊಳೆದೇ ಇರಲಿಲ್ಲ. ನಲಿ-ಕಲಿ ಪಕ್ಕದ ಕೋಣೆ ಆಫೀಸು! ಅರ್ಜಿಯಲ್ಲಿ ಅದನ್ನೇ ಕೇಳುತ್ತೇನೆ, ಕಂಬಿಯನ್ನೂ ಸೇರಿಸುತ್ತೇನೆ. ಹೆಡ್‌ಮಾಸ್ಟರ ಮೇಜನ್ನು ದಿಬ್ಬದ ಕೋಣೆಗೆ ಸಾಗಿಸಲು ಜನ ಇಲ್ಲ ಅಂದರೆ ನಾನೇ ಬರುತ್ತೇನೆ. ದಿನಾ ಹತ್ತಿ ಅಭ್ಯಾಸ ಆಗಿದೆ.