ಬಾಸ್ಕೆಟ್‌ಬಾಲ್ ಸಹಾಯಕ ತರಬೇತುದಾರರ ಕೆಲಸವನ್ನೇ ವೃತ್ತಿಯಾಗಿ ನೆಚ್ಚಿಕೊಳ್ಳಬಹುದೇ?

ವಿಜಯಪುರದ ಆಟಗಾರ್ತಿ:
ಮಾನ್ಯರೇ, ನಾನು ಇಲ್ಲಿನ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಬಿ.ಪಿ.ಎಡ್. ಮುಗಿಸಿದ್ದೇನೆ. ಆಟಗಾರ್ತಿಯಾಗಿ ಮುಂದುವರಿಯುವಷ್ಟು ಎತ್ತರ ನನಗಿಲ್ಲ. ಆದರೆ ಎದುರಾಳಿ ತಂಡದ ಡಿಫೆನ್ಸ್ ಎಲ್ಲಿ ಸಡಿಲಾಗುತ್ತಿದೆ ಎಂದು ಬೆಂಚಿನಲ್ಲಿ ಕುಳಿತು ಗುರುತಿಸುವುದು ನನಗೆ ಆಡುವುದಕ್ಕಿಂತಲೂ ಪ್ರಿಯವಾದ ಕೆಲಸ. ಮನೆಯವರು ದೈಹಿಕ ಶಿಕ್ಷಕರ ನೇಮಕಾತಿಗೆ ಓದು ಎನ್ನುತ್ತಾರೆ. ವೃತ್ತಿಪರ ತಂಡಗಳಲ್ಲಿ ಸಹಾಯಕ ತರಬೇತುದಾರರು ನಿಜವಾಗಿ ಮಾಡುವುದೇನು? ಅದು ಮುಖ್ಯ ತರಬೇತುದಾರರ ಹುದ್ದೆಗೆ ಏರುವ ಮೆಟ್ಟಿಲು ಮಾತ್ರವೇ?

ಬೆಳಗಾವಿಯ ಹಿರಿಯ ತರಬೇತುದಾರ:
ತಂಗೀ, ಅದು ಮೆಟ್ಟಿಲು ಮಾತ್ರವಲ್ಲ. ಟೆಕ್ಸ್ ವಿಂಟರ್ ಅವರು ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ಹ್ಯೂಸ್ಟನ್ ರಾಕೆಟ್ಸ್ ತಂಡಕ್ಕೆ ಮುಖ್ಯ ತರಬೇತುದಾರರಾಗಿದ್ದವರು. 1985ರಲ್ಲಿ ಶಿಕಾಗೋ ಬುಲ್ಸ್‌ಗೆ ಸಹಾಯಕರಾಗಿ ಬಂದ ಅವರು, ಫಿಲ್ ಜಾಕ್ಸನ್ ಮುಖ್ಯ ತರಬೇತುದಾರರಾದ ಮೇಲೆ ಟ್ರಯಾಂಗಲ್ ಆಫೆನ್ಸ್ ಎಂಬ ಆಟದ ಕ್ರಮವನ್ನು ತಂಡದಲ್ಲಿ ಬೇರೂರಿಸಿದರು. ಬುಲ್ಸ್ 6 ಪ್ರಶಸ್ತಿ ಗೆದ್ದಾಗಲೂ, 2000ದಿಂದ 2002ರವರೆಗೆ ಲಾಸ್ ಏಂಜಲೀಸ್ ಲೇಕರ್ಸ್ ತಂಡ ಸತತ 3 ಪ್ರಶಸ್ತಿ ಗೆದ್ದಾಗಲೂ ಅವರು ಸಹಾಯಕರ ಕುರ್ಚಿಯಲ್ಲಿಯೇ ಇದ್ದರು. 2011ರಲ್ಲಿ ಅವರಿಗೆ ಬಾಸ್ಕೆಟ್‌ಬಾಲ್ ದಿಗ್ಗಜರಿಗೆ ಸಲ್ಲುವ ಹಾಲ್ ಆಫ್ ಫೇಮ್ ಗೌರವ ಸಂದಿತು.

ಎನ್‌ಬಿಎ ತಂಡವೊಂದು ಲೀಗ್ ಹಂತದಲ್ಲಿಯೇ 82 ಪಂದ್ಯಗಳನ್ನು ಆಡುತ್ತದೆ. ಎದುರಾಳಿಗಳನ್ನು ಸಹಾಯಕರು ತಮ್ಮೊಳಗೆ ಹಂಚಿಕೊಂಡು, ಪಾಲಿಗೆ ಬಂದ ತಂಡದ ಹಿಂದಿನ ಪಂದ್ಯಗಳ ವಿಡಿಯೊ ನೋಡಿ, ಟೈಮ್‌ಔಟ್ (ತಂಡ ಕೇಳಿ ಪಡೆಯುವ ಚಿಕ್ಕ ವಿರಾಮ) ಮುಗಿದ ಕೂಡಲೇ ಅವರು ಚೆಂಡನ್ನು ಯಾರ ಕೈಗೆ ಕೊಡುತ್ತಾರೆ, ಪಿಕ್ ಅಂಡ್ ರೋಲ್‌ನಲ್ಲಿ (ಜೊತೆಯಾಟಗಾರ ಎದುರಾಳಿಗೆ ಅಡ್ಡ ನಿಂತು, ಬಳಿಕ ಬುಟ್ಟಿಯತ್ತ ಓಡುವ ಆಟ) ಚೆಂಡು ಹಿಡಿದ ಗಾರ್ಡ್ ಯಾವ ಕಡೆಗೆ ತಿರುಗುತ್ತಾನೆ, ಶಾಟ್ ತಪ್ಪಿದಾಗ ಹಿಂದಕ್ಕೆ ಓಡಲು ತಡಮಾಡುವವರು ಯಾರು ಎಂಬುದನ್ನೆಲ್ಲ ಬರೆದು ಆಟಗಾರರ ಮುಂದಿಡುತ್ತಾರೆ. ಅಭ್ಯಾಸ ಮುಗಿದ ಮೇಲೆ ಒಬ್ಬೊಬ್ಬರನ್ನೇ ನಿಲ್ಲಿಸಿಕೊಂಡು ಶಾಟ್ ತಿದ್ದುವ ಕೆಲಸವೂ ಅವರದೇ. ನಮ್ಮಲ್ಲಿ ಪಾಲಿಸುವ ಫಿಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ) ನಿಯಮದಲ್ಲಿ, ಮುಖ್ಯ ತರಬೇತುದಾರರನ್ನು ಬಿಟ್ಟರೆ ಟೈಮ್‌ಔಟ್ ಕೇಳುವ ಹಕ್ಕಿರುವುದು ಮೊದಲ ಸಹಾಯಕರಿಗೆ ಮಾತ್ರ.

ಏರಬೇಕೆನ್ನುವವರಿಗೂ ದಾರಿಯಿದೆ. ಎರಿಕ್ ಸ್ಪೋಲ್‌ಸ್ಟ್ರಾ 1995ರಲ್ಲಿ ಮಯಾಮಿ ಹೀಟ್ ಸೇರಿದ್ದು ವಿಡಿಯೊ ವಿಭಾಗಕ್ಕೆ. ಅಲ್ಲಿಂದ ಸಹಾಯಕರಾಗಿ, 2008ರಲ್ಲಿ ಮುಖ್ಯ ತರಬೇತುದಾರರಾಗಿ, 2012 ಮತ್ತು 2013ರಲ್ಲಿ ತಂಡಕ್ಕೆ ಪ್ರಶಸ್ತಿ ತಂದುಕೊಟ್ಟರು.

ನವನಗರ, ಬಾಗಲಕೋಟೆ:
ಹಿರಿಯರ ಮಾತನ್ನು ಒಪ್ಪುತ್ತೇನೆ, ಆದರೆ ಹೊಟ್ಟೆಪಾಡಿನ ಲೆಕ್ಕವನ್ನೂ ಹೇಳಲೇಬೇಕು. ಇಂಡಿಯನ್ ನ್ಯಾಷನಲ್ ಬಾಸ್ಕೆಟ್‌ಬಾಲ್ ಲೀಗ್ 2022ರಲ್ಲಿ ಆರಂಭವಾಗಿದ್ದರೂ, ಸಹಾಯಕರಿಗೆ ವರ್ಷವಿಡೀ ಸಂಬಳ ಕೊಡುವ ವೃತ್ತಿಪರ ತಂಡಗಳು ನಮ್ಮ ದೇಶದಲ್ಲಿ ಇನ್ನೂ ಬೆಳೆದಿಲ್ಲ. ಆದ್ದರಿಂದ ಮನೆಯವರ ಸಲಹೆಯನ್ನು ತಳ್ಳಿಹಾಕಬೇಡಿ. ಶಿಕ್ಷಕಿಯ ನೌಕರಿಯಿದ್ದರೆ ಶಾಲೆಯ ತಂಡವೊಂದು ಕೈಯಲ್ಲಿರುತ್ತದೆ. ಅದರ ಜೊತೆಗೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ತರಬೇತಿ ಡಿಪ್ಲೊಮಾಕ್ಕೆ ಪ್ರಯತ್ನಿಸಿ; ಅದಿಲ್ಲದವರ ಅರ್ಜಿ ತರಬೇತುದಾರರ ಹುದ್ದೆಗೆ ಬಹಳ ಸಲ ಮೊದಲ ಹಂತದಲ್ಲಿಯೇ ಹಿಂದೆ ಬೀಳುತ್ತದೆ. ನಮ್ಮ ಭಾಗದ ಹೆಣ್ಣುಮಕ್ಕಳ ತಂಡಗಳ ಬೆಂಚಿನಲ್ಲಿ ಮಹಿಳಾ ತರಬೇತುದಾರರು ಅಪರೂಪವಾಗಿರುವುದು ನನಗೆ ನೋವಿನ ಸಂಗತಿ, ಹೀಗಾಗಿ ನೀವು ಈ ಕಡೆಗೆ ಬರಲೇಬೇಕು ಎಂಬ ಆಸೆಯೂ ಇದೆ.

ವಿಜಯಪುರದ ಆಟಗಾರ್ತಿ:
ಇಬ್ಬರಿಗೂ ಕೃತಜ್ಞತೆಗಳು. ಸರ್, ಗಂಡಸರ ತಂಡದಲ್ಲಿ ಹೆಣ್ಣುಮಗಳ ಮಾತು ನಡೆಯುತ್ತದೆಯೇ? ತಂಡವೇ ಇಲ್ಲದಿರುವಾಗ ಈ ಕೆಲಸವನ್ನು ಕಲಿಯುವುದಾದರೂ ಹೇಗೆ?

ಬೆಳಗಾವಿಯ ಹಿರಿಯ ತರಬೇತುದಾರ:
ನಡೆದಿದೆ. ಬೆಕಿ ಹ್ಯಾಮನ್ 2014ರಲ್ಲಿ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡದ ಸಹಾಯಕರಾದರು. 2020ರ ಡಿಸೆಂಬರ್ 30ರಂದು ಮುಖ್ಯ ತರಬೇತುದಾರ ಪೊಪೊವಿಚ್ ಅವರನ್ನು ರೆಫರಿ ಹೊರಗೆ ಕಳುಹಿಸಿದಾಗ, ಉಳಿದ ಆಟವನ್ನು ನಡೆಸಿದವರು ಅವರೇ. 2022ರಲ್ಲಿ ಲಾಸ್ ವೇಗಸ್ ಏಸಸ್ ಮಹಿಳಾ ತಂಡದ ಹೊಣೆ ಹೊತ್ತು, ಅದೇ ವರ್ಷ ಪ್ರಶಸ್ತಿ ಗೆದ್ದರು.

ಕಲಿಯುವುದಕ್ಕೆ ತಂಡ ಬೇಕಿಲ್ಲ. ನಿಮ್ಮೂರಿನಲ್ಲಿ ಪಂದ್ಯ ನಡೆದಾಗ ಅಂಕಣದ ಎರಡೂ ತುದಿ ಕಾಣುವಷ್ಟು ಎತ್ತರದಲ್ಲಿ ಕುಳಿತು ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ. ಮನೆಯಲ್ಲಿ ಒಂದೇ ತಂಡವನ್ನು ಹಿಡಿದು, ಚೆಂಡು ಅವರ ಕೈಗೆ ಬಂದ ಪ್ರತಿಸಲವೂ ಆಟ ಯಾರಿಂದ ಶುರುವಾಯಿತು, ಶಾಟ್ ಹೊಡೆಯಲು ಸಿಗುವ 24 ಸೆಕೆಂಡಿನಲ್ಲಿ ಯಾವಾಗ ಹೊಡೆದರು, ಎಲ್ಲಿಂದ ಹೊಡೆದರು ಎಂದು ಗುರುತು ಹಾಕಿ. ಕೊನೆಗೆ ಆ ತಂಡವನ್ನು ತಡೆಯುವ ಬಗೆಯನ್ನು ಒಂದೇ ಪುಟದಲ್ಲಿ ಬರೆಯಿರಿ, ಏಕೆಂದರೆ ಪಂದ್ಯದ ದಿನ ಆಟಗಾರರ ತಲೆಯಲ್ಲಿ ಅದಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಬರೆದದ್ದನ್ನು ಇಲ್ಲಿಯೇ ಹಾಕಿರಿ, ಓದಿ ತಿದ್ದಿಕೊಡುತ್ತೇನೆ.