ಪದ ಬೇಕು: ಏಜೆಂಟ್ ಟೂಲಿನ ವಿವರಣೆಯಲ್ಲಿ ‘ತೆಗೆ’ ಬಳಸಬಹುದೇ?

ಶಿರಸಿಯಿಂದ:

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆಯೊಳಗೆ ಪದ ನಿಗದಿಯಾಗಬೇಕು.

ಒಂದು ಪತ್ತಿನ ಸಹಕಾರ ಸಂಘದ ಡೇಟಾಬೇಸ್‌ಗೆ ಎಐ ಏಜೆಂಟ್ ಜೋಡಿಸುತ್ತಿದ್ದೇವೆ. ಗುಮಾಸ್ತರು ಕನ್ನಡದಲ್ಲಿ ಕೇಳುತ್ತಾರೆ, ಏಜೆಂಟ್ ತಕ್ಕ ಟೂಲ್ (ಒಂದೊಂದು ಕೆಲಸಕ್ಕೆಂದು ಬರೆದ ಪುಟ್ಟ ಪ್ರೋಗ್ರಾಂ) ಆರಿಸಿ ಓಡಿಸುತ್ತದೆ. ಆಂಥ್ರೊಪಿಕ್ 2024ರ ನವೆಂಬರ್‌ನಲ್ಲಿ ಹೊರತಂದ ಎಂಸಿಪಿ ಪದ್ಧತಿ (ಏಜೆಂಟ್‌ಗೆ ಹೊರಗಿನ ಟೂಲ್‌ಗಳನ್ನು ಜೋಡಿಸುವ ನಿಯಮಾವಳಿ) ಬಳಸಿದ್ದೇವೆ. ಪ್ರತಿ ಟೂಲ್‌ಗೂ ಒಂದು ಹೆಸರು, ಒಂದು ವಿವರಣೆ, ಅದಕ್ಕೆ ಕೊಡಬೇಕಾದ ಮಾಹಿತಿಯ ನಮೂನೆ. ಒಳಗಿನ ಕೋಡ್ ಏಜೆಂಟ್‌ಗೆ ಕಾಣುವುದಿಲ್ಲ, ವಿವರಣೆಯಲ್ಲಿ ಬರೆದದ್ದನ್ನೇ ಅದು ನಂಬಬೇಕು. ಮುಂದೆ ತಾವೇ ತಿದ್ದಿಕೊಳ್ಳುವಂತಿರಲಿ ಎಂದು ಸಂಘದವರು ವಿವರಣೆಯನ್ನೂ ಕನ್ನಡದಲ್ಲೇ ಕೇಳಿದ್ದಾರೆ.

ನನ್ನ ಕೈಗೆ ಬಂದ ಕರಡು: “ಸದಸ್ಯರ ಈ ಸಾಲಿನ ಸಾಲ ತೆಗೆಯುತ್ತದೆ.” ಅದರ ಪಕ್ಕದ ಟೂಲ್: “ಸದಸ್ಯರ ಸಾಲದ ನಮೂದು ತೆಗೆದುಹಾಕುತ್ತದೆ.” ಮೊದಲನೆಯದು ಓದುತ್ತದೆ ಅಷ್ಟೆ, ಎರಡನೆಯದು ಡಿಲೀಟ್ ಮಾಡುತ್ತದೆ. ಪಹಣಿ ತೆಗೆಸಿದೆ ಎಂದರೆ ಪ್ರತಿ ಪಡೆದೆ. ಪಟ್ಟಿಯಿಂದ ಹೆಸರು ತೆಗೆಸಿದೆ ಎಂದರೆ ಇಲ್ಲದಂತೆ ಮಾಡಿಸಿದೆ. ಸಾಲ ತೆಗೆದೆ ಎಂದರೆ ಹೊಸದಾಗಿ ಸಾಲ ಮಾಡಿದೆ. ಈ ಮೂರೂ ಅರ್ಥ ಸಂಘದ ಕೌಂಟರಿನಲ್ಲಿ ದಿನವೂ ಓಡಾಡುವಂಥವು. ಸಾಲದ್ದಕ್ಕೆ ‘ಸಾಲಿನ’ ಎಂಬುದು ವರ್ಷದ್ದೋ ಟೇಬಲ್ಲಿನ ಸಾಲಿನದ್ದೋ ತಿಳಿಯುವುದಿಲ್ಲ. ಓದುವ ಟೂಲ್‌ಗೆ ಎರಡನೇ ಅರ್ಥವಿಲ್ಲದ ಕ್ರಿಯಾಪದ ಕೊಡಿ.

ಮೈಸೂರಿನಿಂದ:

‘ತೆಗೆ’ಯಲ್ಲಿ ದೋಷವಿಲ್ಲ. ಅದರ ಮೂಲಾರ್ಥ ಎಳೆಯುವುದು, ತನ್ನತ್ತ ಸೆಳೆಯುವುದು. ಹಳಗನ್ನಡದಲ್ಲಿ ಬಿಲ್ಲನ್ನು ತೆಗೆಯುವುದೆಂದರೆ ಹೆದೆ ಎಳೆಯುವುದು. ಬಾಗಿಲು ತೆಗೆ, ಕಸ ತೆಗೆ, ಸಾಲ ತೆಗೆ ಎಲ್ಲವೂ ಅಲ್ಲಿಂದಲೇ ಬಂದವು. ‘ಅಳಿಸು’ ಕೂಡ ಹಾಗೆಯೇ ಎರಡು ಕವಲಿನದು. ಅೞಿ ಧಾತುವಿನಿಂದ ನಾಶ ಮಾಡು, ಅೞು ಧಾತುವಿನಿಂದ ಅಳುವಂತೆ ಮಾಡು. ಹಳಗನ್ನಡದ ೞಕಾರ ಬಿಟ್ಟು ಳಕಾರ ಬರೆದಾಗಲೇ ಗೊಂದಲ ಬಂತೆನ್ನುವವರಿದ್ದಾರೆ, ಅದು ತಪ್ಪು. ಎರಡರಲ್ಲೂ ಇದ್ದದ್ದು ೞಕಾರವೇ.

ಬದಲಿ ಪದವೇ ಬೇಕಿದ್ದರೆ ‘ಹೆಕ್ಕು’ ಬಳಸಿ. ಅಚ್ಚ ಕನ್ನಡ.

ಧಾರವಾಡದಿಂದ:

> ಬದಲಿ ಪದವೇ ಬೇಕಿದ್ದರೆ ‘ಹೆಕ್ಕು’ ಬಳಸಿ

ಬ್ಯಾಡ್ರಿ ಸರ್. ಬಿದ್ದ ಅಡಿಕೆ ಹೆಕ್ಕಿದ ಮ್ಯಾಲೆ ಅದು ನೆಲದಾಗ ಉಳಿಯೂದಿಲ್ಲ. ಸೆಲೆಕ್ಟ್ ಮಾಡಿದ, ಅಂದ್ರ ಬರೇ ಓದಿದ, ಸಾಲು ಟೇಬಲ್‌ನಾಗ ಇದ್ದಲ್ಲೇ ಇರತದ. ‘ತೋರಿಸು’ ಅನ್ರಿ, ಮುಗೀತು.

ಬೆಂಗಳೂರಿನಿಂದ:

‘ತೋರಿಸು’ಗೆ ನನ್ನದೂ ಒಪ್ಪಿಗೆ. ಓದುವುದೆಲ್ಲ ‘ತೋರಿಸುತ್ತದೆ’, ಡಿಲೀಟ್ ಎಲ್ಲ ‘ಅಳಿಸುತ್ತದೆ’, ಮೂವತ್ತು ಟೂಲ್ ಇದ್ದರೂ ಬದಲಾಗಕೂಡದು. ಸೊಗಸಿಗೆಂದು ಒಂದು ಕಡೆ ‘ಒದಗಿಸುತ್ತದೆ’, ಇನ್ನೊಂದು ಕಡೆ ‘ಮರಳಿಸುತ್ತದೆ’ ಎಂದರೆ ಏಜೆಂಟ್ ಅಲ್ಲೇನೋ ವ್ಯತ್ಯಾಸವಿದೆಯೆಂದು ಎಣಿಸುತ್ತದೆ.

ಆದರೆ ಬರೀ ಕ್ರಿಯಾಪದದಿಂದ ಕೆಲಸ ಆಗುವುದಿಲ್ಲ. ಈ ಕರಡಿನಲ್ಲಿ ಬಾಕಿ ಅಸಲು ಮಾತ್ರವೋ ಬಡ್ಡಿ ಸೇರಿಯೋ ಹೇಳಿಲ್ಲ. ವರ್ಷ ಏಪ್ರಿಲ್ 1ರಿಂದಲೋ ಜನವರಿಯಿಂದಲೋ ಹೇಳಿಲ್ಲ. ಏನೂ ಸಿಗದಿದ್ದರೆ ಸದಸ್ಯನಿಗೆ ಸಾಲವಿಲ್ಲ ಎಂದೋ, ಸದಸ್ಯನೇ ಇಲ್ಲ ಎಂದೋ? ಇದನ್ನು ಬರೆಯದಿದ್ದರೆ ಏಜೆಂಟ್ ಒಂದನ್ನು ಊಹಿಸಿಕೊಂಡು ಗುಮಾಸ್ತರಿಗೆ ಖಚಿತವಾಗಿ ಹೇಳಿಬಿಡುತ್ತದೆ. ಈ ಟೂಲ್ ಯಾವಾಗ ಬಳಸಬಾರದು ಎಂಬುದನ್ನೂ ಒಂದು ವಾಕ್ಯದಲ್ಲಿ ಸೇರಿಸಿ.

‘ವಿವರಿಸು’ ಬಗ್ಗೆಯೂ ಎಚ್ಚರ. ಪೋಸ್ಟ್‌ಗ್ರೆಸ್‌ನಲ್ಲಿ (ಒಂದು ಡೇಟಾಬೇಸ್ ವ್ಯವಸ್ಥೆ) ಎಕ್ಸ್‌ಪ್ಲೇನ್, ಅಂದರೆ ‘ವಿವರಿಸು’, ಎಂಬ ಆದೇಶ ಕೊಟ್ಟರೆ ಕ್ವೆರಿ (ಡೇಟಾಬೇಸ್‌ಗೆ ಕೊಡುವ ಕೋರಿಕೆ) ಹೇಗೆ ನಡೆಯಲಿದೆ ಎಂಬ ಯೋಜನೆ ಮಾತ್ರ ಬರುತ್ತದೆ. ಜೊತೆಗೆ ಅನಲೈಸ್ ಸೇರಿಸಿದರೆ ಕ್ವೆರಿ ನಿಜವಾಗಿಯೂ ನಡೆಯುತ್ತದೆ, ಒಳಗೆ ಡಿಲೀಟ್ ಇದ್ದರೆ ಸಾಲುಗಳು ಹೋಗುತ್ತವೆ. ಅಂಥ ಟೂಲ್‌ಗೆ ‘ಕ್ವೆರಿಯನ್ನು ವಿವರಿಸುತ್ತದೆ’ ಎಂದಷ್ಟೇ ಬರೆಯುವುದು ಸುಳ್ಳು. ಎಂಸಿಪಿಯಲ್ಲಿ ‘ಓದಲು ಮಾತ್ರ’ ಎಂಬ ಗುರುತು ಹಾಕಬಹುದು, ಆದರೆ ಅದು ಬರೀ ಸೂಚನೆ, ಯಾರನ್ನೂ ತಡೆಯುವುದಿಲ್ಲ. ತಡೆ ಬೇಕಿದ್ದರೆ ಸೆಲೆಕ್ಟ್ ಅನುಮತಿ ಮಾತ್ರ ಇರುವ ಯೂಸರ್ ಮೂಲಕ ಓದುವ ಟೂಲ್‌ಗಳನ್ನು ಓಡಿಸಿ.

ಮೈಸೂರಿನಿಂದ:

ಟೇಬಲ್, ಕ್ವೆರಿ, ಯೂಸರ್, ಡಿಲೀಟ್. ಕ್ರಿಯಾಪದವೊಂದೇ ಕನ್ನಡವಾಗಿ ಉಳಿದ ವಾಕ್ಯವನ್ನು ಕನ್ನಡ ವಿವರಣೆ ಎನ್ನಲಾರೆ. ಟೇಬಲ್‌ಗೆ ಕೋಷ್ಟಕ, ಕಾಲಂಗೆ ಕಂಬಸಾಲು ಎಂದು ಬರೆಯಿರಿ.

ಧಾರವಾಡದಿಂದ:

ಕೋಷ್ಟಕ ಯಾವಾಗಿಂದ ಅಚ್ಚ ಕನ್ನಡ ಆತ್ರಿ? ಸಂಸ್ಕೃತ ಆದ್ರ ನಡೀತದ, ಇಂಗ್ಲಿಷ್ ಆದ್ರ ನಡಿಯೂದಿಲ್ಲ ಅನ್ನೂದು ತತ್ವ ಅಲ್ಲ, ರೂಢಿಮಾತು. ಕಾಲಂ ಅಂತೂ ರೈತರ ಪದ. ಪಹಣಿಯ 9ನೇ ಕಾಲಂದಾಗ ಮಾಲೀಕರ ಹೆಸರು, 11ನೇ ಕಾಲಂದಾಗ ಋಣ ಅಂತ ಎಲ್ಲಾರೂ ಬಲ್ಲರು. ಅವರ ಮುಂದ ‘11ನೇ ಕಂಬಸಾಲು’ ಅಂದು ನೋಡ್ರಿ.

ಮೈಸೂರಿನಿಂದ:

ರೂಢಿಯೇ ಪ್ರಮಾಣವಾದರೆ ಈ ಚರ್ಚೆಯೇ ಬೇಕಿರಲಿಲ್ಲ. ‘ತೆಗೆ’ಯೂ ರೂಢಿಯಲ್ಲಿದೆ. ಸುಸ್ತಿ, ವಸೂಲಿ, ಜಾಮೀನು, ಒಂದೂ ನಮ್ಮದಲ್ಲ. ಹೊಸ ಕೆಲಸ ಶುರುವಾಗುವಾಗ ಸರಿಪಡಿಸದಿದ್ದರೆ ಮತ್ತೆಂದೂ ಆಗುವುದಿಲ್ಲ.

ಧಾರವಾಡದಿಂದ:

ಸುಸ್ತಿ ಮುಟ್ಟಬ್ಯಾಡ್ರಿ. ಸಂಘದ ನೋಟಿಸ್ ಬೋರ್ಡಿನಾಗ ಸುಸ್ತಿದಾರರ ಪಟ್ಟಿ ಅಂತನ ಇರತದ, ಗುಮಾಸ್ತ ಕೇಳೂದೂ ಅದ ಪದದಿಂದ. ಕೇಳುವವನ ಬಾಯಾಗಿನ ಪದ ವಿವರಣೆಯೊಳಗ ಇರದಿದ್ರ ಏಜೆಂಟ್ ಟೂಲನ್ನ ಹೆಂಗ ಹುಡುಕಬೇಕು? ಪಾರ್ಸಿ ಆದ್ರೇನು, ಅದಕ್ಕ ಎರಡನೇ ಅರ್ಥ ಇಲ್ಲ.

ಮೈಸೂರಿನಿಂದ:

‘ಸುಸ್ತು’ ಇದೆ.

ಧಾರವಾಡದಿಂದ:

ಸುಸ್ತು ಬ್ಯಾರೆ, ಸುಸ್ತಿ ಬ್ಯಾರೆ.

ಶಿರಸಿಯಿಂದ:

ಎಲ್ಲರಿಗೂ ಧನ್ಯವಾದ. ಕೆಳಗಿನದನ್ನು ಕಳಿಸುತ್ತಿದ್ದೇನೆ.

“ಒಬ್ಬ ಸದಸ್ಯರ ಸಾಲದ ವಿವರ ತೋರಿಸುತ್ತದೆ. ಯಾವ ನಮೂದನ್ನೂ ಬದಲಿಸುವುದಿಲ್ಲ, ಅಳಿಸುವುದಿಲ್ಲ. ಸದಸ್ಯತ್ವ ಸಂಖ್ಯೆ ಮತ್ತು ಆರ್ಥಿಕ ವರ್ಷ (ಏಪ್ರಿಲ್ 1ರಿಂದ ಮಾರ್ಚ್ 31) ಕೊಡಬೇಕು. ಅಸಲು, ಬಡ್ಡಿ, ಸುಸ್ತಿ ಮೊತ್ತ ಬೇರೆಬೇರೆಯಾಗಿ ರೂಪಾಯಿಯಲ್ಲಿ ಬರುತ್ತವೆ. ಖಾಲಿ ಪಟ್ಟಿ ಬಂದರೆ ಆ ವರ್ಷ ಸಾಲವಿಲ್ಲ ಎಂದರ್ಥ. ಸದಸ್ಯತ್ವ ಸಂಖ್ಯೆ ತಪ್ಪಿದ್ದರೆ ಬೇರೆ ಸಂದೇಶ ಬರುತ್ತದೆ. ಗರಿಷ್ಠ 50 ನಮೂದು. ಇಡೀ ಸಂಘದ ಸುಸ್ತಿದಾರರ ಪಟ್ಟಿಗೆ ಇದನ್ನು ಬಳಸಬಾರದು.”

‘ಈ ಸಾಲಿನ’ ಬಿಟ್ಟಿದ್ದೇನೆ. ಟೇಬಲ್ಲಿನ ಸಾಲಿಗೆ ಎಲ್ಲ ಕಡೆ ‘ನಮೂದು’ ಎಂದಿದ್ದೇನೆ.

ಮೈಸೂರಿನಿಂದ:

‘ಗರಿಷ್ಠ’ ಬೇಡ, ‘ಹೆಚ್ಚೆಂದರೆ’ ಎನ್ನಿ.

ಬೆಂಗಳೂರಿನಿಂದ:

ಯಾವುದಾದರೂ ಸರಿ. 50 ದಾಟಿದರೆ ಉಳಿದವು ಎಲ್ಲಿ ಸಿಗುತ್ತವೆ ಎಂದು ಬರೆಯಿರಿ. ಇಲ್ಲದಿದ್ದರೆ ಏಜೆಂಟ್ 50ನ್ನೇ ಒಟ್ಟು ಎಂದು ಕೂಡಿಸಿ ಹೇಳುತ್ತದೆ.