ಸಿಎಸ್‌ಎಸ್‌ಡಿ ಕೆಲಸಕ್ಕೆ ಕೋರ್ಸ್ ಬೇಕೇ ಬೇಕಾ? ಗೊತ್ತಿರುವವರು ಹೇಳಿ

ಅರಸೀಕೆರೆ ಹುಡುಗಿ:
ನಮಸ್ಕಾರ. ಪಿಯುಸಿ ಸೈನ್ಸ್ ಮುಗಿಸಿ ಹಾಸನದ ಒಂದು ನರ್ಸಿಂಗ್ ಹೋಮಿನಲ್ಲಿ ವಾರ್ಡ್ ಹೆಲ್ಪರ್ ಆಗಿ ಸೇರಿದೆ. ಈಗ ಸಿಎಸ್‌ಎಸ್‌ಡಿಗೆ, ಅಂದರೆ ಆಸ್ಪತ್ರೆಯ ಸಲಕರಣೆಗಳನ್ನು ಸ್ಟೆರಿಲೈಸ್ ಮಾಡುವ ವಿಭಾಗಕ್ಕೆ ಹಾಕಿದ್ದಾರೆ. ಓಟಿಯಿಂದ (ಆಪರೇಶನ್ ಥಿಯೇಟರ್) ಬಂದ ಇನ್‌ಸ್ಟ್ರುಮೆಂಟ್ ತೊಳೆಯುವುದು, ಪ್ಯಾಕ್ ಮಾಡುವುದು, ಸ್ಟೀಮ್‌ನಲ್ಲಿ ಸ್ಟೆರಿಲೈಸ್ ಮಾಡುವ ಆಟೋಕ್ಲೇವ್ ಮಶೀನಿಗೆ ಇಡುವುದು. ಕೆಲಸ ನನಗೆ ಇಷ್ಟವಾಗಿದೆ. ಆದರೆ ಮನೆಯಲ್ಲಿ "ಪಾತ್ರೆ ತೊಳೆಯೋಕೆ ಸೈನ್ಸ್ ಓದಬೇಕಿತ್ತಾ" ಅಂತಾರೆ. ಅಪ್ಪ ನರ್ಸಿಂಗ್ ಸೇರು ಅಂತ ಹಟ ಹಿಡಿದಿದ್ದಾರೆ. ಬೆಂಗಳೂರಿನ ಒಂದು ಇನ್‌ಸ್ಟಿಟ್ಯೂಟ್‌ನವರು ಆರು ತಿಂಗಳ ಸಿಎಸ್‌ಎಸ್‌ಡಿ ಸರ್ಟಿಫಿಕೇಟ್ ಕೋರ್ಸ್ ಇದೆ, ಕೆಲಸ ಗ್ಯಾರಂಟಿ ಅಂತ ದಿನಾ ಫೋನ್ ಮಾಡುತ್ತಾರೆ. ಸೇರಬಹುದಾ? ಇದರಲ್ಲಿ ಮುಂದೆ ಬರಲು ಆಗುತ್ತಾ?

ಆಟೋಕ್ಲೇವ್ ಅಕ್ಕ:
ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಸಿಎಸ್‌ಎಸ್‌ಡಿ ಇನ್‌ಚಾರ್ಜ್ ಆಗಿದ್ದೇನೆ. ಹುಡುಗರನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಇಂಟರ್‌ವ್ಯೂ ನಾನೇ ಮಾಡುವುದು. ಆ ಕಡೆಯಿಂದಲೇ ಹೇಳುತ್ತೇನೆ.

ಮೊದಲು ದುಡ್ಡಿನ ವಿಷಯ. ದಿನಾ ಫೋನ್ ಮಾಡುವವರಿಗೆ ಸುಮ್ನೆ ದುಡ್ಡು ಕಟ್ಟಬೇಡಿ. ಸರ್ಟಿಫಿಕೇಟ್ ಮೇಲೆ ಯಾವ ಬೋರ್ಡ್ ಅಥವಾ ಯೂನಿವರ್ಸಿಟಿಯ ಹೆಸರಿರುತ್ತದೆ ಅಂತ ಕೇಳಿ. ಪ್ರಾಕ್ಟಿಕಲ್ ಯಾವ ಆಸ್ಪತ್ರೆಯಲ್ಲಿ, ಅಲ್ಲಿ ಸ್ಟೀಮ್ ತಡೆಯದ ಸಾಮಾನಿಗೆ ಬಳಸುವ ಇಟಿಒ (ಗ್ಯಾಸ್), ಪ್ಲಾಸ್ಮಾ ಮಶೀನ್ ಇದೆಯಾ ಅಂತಲೂ ಕೇಳಿ. "ಅದೆಲ್ಲ ಆಮೇಲೆ ನೋಡೋಣ" ಅಂದರೆ ಫೋನ್ ಇಟ್ಟುಬಿಡಿ. ನೀವು ಸೈನ್ಸ್ ಓದಿದ್ದೀರಿ. ಪ್ಯಾರಾಮೆಡಿಕಲ್ ಬೋರ್ಡ್‌ನ ಓಟಿ ಟೆಕ್ನಾಲಜಿ ಡಿಪ್ಲೊಮಾ ಇದೆ. ಬಯಾಲಜಿ ಇದ್ದರೆ ರಾಜೀವ್ ಗಾಂಧಿ ಯೂನಿವರ್ಸಿಟಿಯ ಬಿಎಸ್ಸಿ ಅನಸ್ತೇಶಿಯಾ ಮತ್ತು ಓಟಿ ಟೆಕ್ನಾಲಜಿ ಕೂಡ ಇದೆ. ಸ್ಟೆರಿಲೈಸೇಶನ್ ಅಲ್ಲೂ ಕಲಿಸುತ್ತಾರೆ. ನಾಳೆ ಸಿಎಸ್‌ಎಸ್‌ಡಿ ಬೇಡ ಅನ್ನಿಸಿದರೆ ಓಟಿಗೆ ಹೋಗಬಹುದು. ಬರೀ ಆರು ತಿಂಗಳ ಕಾಗದ ಹಿಡಿದರೆ ಆ ಬಾಗಿಲು ತೆರೆಯುವುದಿಲ್ಲ.

ಇನ್ನು ಪಾತ್ರೆ ತೊಳೆಯುವ ಮಾತು. ನಾನು ಇಂಟರ್‌ವ್ಯೂಗೆ ಬಂದವರ ಕೈಗೆ ಒಂದು ಕೆರಿಸನ್ ರಾಂಜರ್ ಕೊಡುತ್ತೇನೆ. ಬೆನ್ನುಮೂಳೆ ಸರ್ಜರಿಯಲ್ಲಿ ಮೂಳೆ ಕಚ್ಚಿ ತೆಗೆಯುವ ಇಕ್ಕಳ. ನೋಡಲು ಪಿಸ್ತೂಲಿನ ಹಾಗಿರುತ್ತದೆ. "ಇದನ್ನ ತೊಳೆದು ಕೊಡಿ" ಅನ್ನುತ್ತೇನೆ. ಜಾಸ್ತಿ ಜನ ಹೊರಗಿನಿಂದ ಉಜ್ಜಿ ಕೊಡುತ್ತಾರೆ. ಮೇಲಿನ ಪಟ್ಟಿ ಕೆಳಗಿನದರ ಮೇಲೆ ಜಾರುತ್ತದಲ್ವಾ, ಆ ಸಂದಿಯಲ್ಲಿ ಮೂಳೆಯ ಪುಡಿ, ರಕ್ತ ಸೇರಿಕೊಂಡಿರುತ್ತದೆ. ಹೊಸ ಮಾಡೆಲ್‌ಗಳಲ್ಲಿ ಪಟ್ಟಿಯನ್ನು ಬಿಚ್ಚಬಹುದು. ಬಿಚ್ಚಲು ಬರುತ್ತಾ ಅಂತ ಕೇಳಿದವರಿಗೆ ನಾನು ಅಲ್ಲೇ ಅರ್ಧ ಮಾರ್ಕ್ಸ್ ಕೊಡುತ್ತೇನೆ. ಕೊಳೆ ಕೂತ ಜಾಗಕ್ಕೆ ಸ್ಟೀಮ್ ಮುಟ್ಟುವುದಿಲ್ಲ. ಪ್ಯಾಕ್ ಮೇಲೆ ಅಂಟಿಸಿದ, ಮಶೀನಿನೊಳಗೆ ಬಣ್ಣ ಬದಲಾಗುವ ಟೇಪ್ ಮಾತ್ರ ಚೆನ್ನಾಗಿ ಕಪ್ಪಾಗಿರುತ್ತದೆ. ಆ ಟೇಪ್ ಹೇಳುವುದು ಪ್ಯಾಕ್ ಮಶೀನಿಗೆ ಹೋಗಿ ಬಂದಿದೆ ಅಂತ, ಅಷ್ಟೇ. ಮಶೀನ್ ಓಡಿಸುವುದನ್ನು ಯಾರಿಗಾದರೂ ಒಂದು ವಾರದಲ್ಲಿ ಕಲಿಸಬಹುದು. ತೊಳೆಯುವ ಕಣ್ಣು ಬರಲು ತುಂಬಾ ದಿನ ಬೇಕು.

ತೊಳೆಯುವಾಗ ಕತ್ತರಿ, ಆರ್ಟರಿ ಫೋರ್ಸೆಪ್ಸ್‌ಗಳ ಕೀಲು ತೆರೆದಿಡಿ. ಮೊದಲೇ ಬಿಸಿ ನೀರು ಹಾಕಬೇಡಿ, ರಕ್ತದ ಪ್ರೋಟೀನ್ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಸಕ್ಷನ್ ಟಿಪ್ (ರಕ್ತ ಹೀರುವ ಕೊಳವೆ) ಒಳಗೆ ಸರಿಯಾದ ಸೈಜಿನ ಬ್ರಷ್ ಹೋಗಲೇಬೇಕು.

ಪ್ರೀವ್ಯಾಕ್ಯೂಮ್ ಮಶೀನ್ (ಮೊದಲು ಗಾಳಿ ಎಳೆದು ಆಮೇಲೆ ಸ್ಟೀಮ್ ಬಿಡುವ ಆಟೋಕ್ಲೇವ್) ಇದ್ದರೆ ಬೆಳಿಗ್ಗೆ ಮೊದಲ ಲೋಡ್‌ಗೂ ಮುಂಚೆ, ಗಾಳಿ ಪೂರ್ತಿ ಹೋಗುತ್ತಿದೆಯಾ ಅಂತ ನೋಡುವ ಬೋವಿ ಡಿಕ್ ಟೆಸ್ಟ್ ಹಾಕಿ. ಖಾಲಿ ಚೇಂಬರ್, 134 ಡಿಗ್ರಿ, 3.5 ನಿಮಿಷ. ಬ್ರಿಟನ್ನಿನ ಬೋವಿ, ಡಿಕ್ ಅನ್ನುವ ಇಬ್ಬರ ಹೆಸರಿನ ಟೆಸ್ಟ್ ಇದು, 1960ರ ದಶಕದ್ದು, ಇವತ್ತಿಗೂ ನಡೆಯುತ್ತಿದೆ. ಟೆಸ್ಟ್ ಪ್ಯಾಕ್‌ನೊಳಗಿನ ಹಾಳೆ ಇಡೀ ಒಂದೇ ಬಣ್ಣಕ್ಕೆ ತಿರುಗಬೇಕು. ನಡುವೆ ತೆಳು ಕಲೆ ಉಳಿದರೆ ಒಳಗೆ ಗಾಳಿ ನಿಂತಿದೆ ಅಂತ ಅರ್ಥ. ಅವತ್ತು ಸರ್ಜನ್ ಬಂದು ಕೂಗಾಡಿದರೂ ಆ ಮಶೀನ್ ಓಡಿಸಬಾರದು. ಕೂಗಾಡುತ್ತಾರೆ, ಗ್ಯಾರಂಟಿ.

ನನಗೆ ಈ ಕೆಲಸದಲ್ಲಿ ಬೇಜಾರಾಗುವುದು ಒಂದೇ. ಮೂಳೆ ಸರ್ಜರಿಯ ಇಂಪ್ಲಾಂಟ್ ಸೆಟ್‌ಗಳನ್ನು ಕಂಪನಿಯವರು ಬಾಡಿಗೆಗೆ ಕಳಿಸುತ್ತಾರೆ. ನಾಳೆ ಬೆಳಿಗ್ಗೆ ಕೇಸ್, ಇವತ್ತು ರಾತ್ರಿ ಹತ್ತಕ್ಕೆ ಬಾಕ್ಸ್ ಬರುತ್ತದೆ. ಎಣಿಸಬೇಕು, ಮತ್ತೆ ತೊಳೆಯಬೇಕು, ಒಣಗಿಸಬೇಕು, ಬಯಾಲಜಿಕಲ್ ಇಂಡಿಕೇಟರ್ (ಸೂಕ್ಷ್ಮಾಣು ಸತ್ತಿದೆಯಾ ಅಂತ ತೋರಿಸುವ ಟೆಸ್ಟ್) ಜೊತೆ ಸ್ಟೆರಿಲೈಸ್ ಮಾಡಿ ರಿಸಲ್ಟ್‌ಗೆ ಕಾಯಬೇಕು. "ಬೇರೆ ಆಸ್ಪತ್ರೆಯಲ್ಲಿ ತೊಳೆದೇ ಕಳಿಸಿದ್ದಾರೆ ಮೇಡಂ" ಅಂತ ಬಾಕ್ಸ್ ತಂದ ಹುಡುಗ ಹೇಳುತ್ತಾನೆ. ಡ್ರಿಲ್ ಬಿಟ್‌ನ ಸುರುಳಿ ನೋಡಿದರೆ ಗೊತ್ತಾಗುತ್ತದೆ ಎಷ್ಟು ತೊಳೆದಿದ್ದಾರೆ ಅಂತ.

ಮುಂದೆ ಬರಲು ಆಗುತ್ತಾ ಅಂದಿರಿ. ಎನ್‌ಎಬಿಎಚ್ (ಆಸ್ಪತ್ರೆಯ ಗುಣಮಟ್ಟಕ್ಕೆ ಕೊಡುವ ಮಾನ್ಯತೆ) ಬೇಕೆನ್ನುವ ಆಸ್ಪತ್ರೆಗಳಿಗೆಲ್ಲ ರಿಜಿಸ್ಟರ್ ಸರಿಯಾಗಿ ಬರೆಯುವ, ಲೋಡ್ ನಂಬರ್ ಹಿಡಿದು ಪ್ಯಾಕ್ ವಾಪಸ್ ಕರೆಸಲು ಗೊತ್ತಿರುವ ಜನ ಬೇಕು. ಅಂಥವರು ಸಿಗುತ್ತಿಲ್ಲ. ಸಂಬಳ ಶುರುವಿನಲ್ಲಿ ಕಮ್ಮಿ, ಅದನ್ನು ಮುಚ್ಚಿಡುವುದಿಲ್ಲ. ಸೆಕೆ, ನಿಂತೇ ಕೆಲಸ, ಭಾರದ ಟ್ರೇ. ಹೆಪಟೈಟಿಸ್ ಬಿ ಲಸಿಕೆಯ 3 ಡೋಸ್ ಆಗಿದೆಯಾ? ಇಲ್ಲದಿದ್ದರೆ ಈ ವಾರವೇ ಕೇಳಿ ಹಾಕಿಸಿಕೊಳ್ಳಿ.

ಓಟಿ ಸಿಸ್ಟರ್, ದಾವಣಗೆರೆ:
ಅಕ್ಕ ಹೇಳಿದ್ದೆಲ್ಲ ಸರಿ, ಆದರೆ ಅಪ್ಪನ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ನಾನು ನೋಡಿದ ಎಷ್ಟೋ ಆಸ್ಪತ್ರೆಗಳಲ್ಲಿ ಸಿಎಸ್‌ಎಸ್‌ಡಿ ಇನ್‌ಚಾರ್ಜ್ ಕುರ್ಚಿಯಲ್ಲಿ ಕೂತಿರುವುದು ನರ್ಸ್‌ಗಳೇ. ಟೆಕ್ನಿಷಿಯನ್‌ಗೆ ಎಲ್ಲ ಗೊತ್ತಿದ್ದರೂ ಸಹಿ ಸಿಸ್ಟರ್‌ದು. ಇದು ನ್ಯಾಯವಾ ಅಂದರೆ ಅಲ್ಲ. ಆದರೆ ಹಾಗೇ ಇದೆ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿಎಸ್ಸಿ ನರ್ಸಿಂಗ್ ಮಾಡಿ ಈ ಕಡೆ ಬಂದರೂ ನಷ್ಟವಿಲ್ಲ.

ಆಟೋಕ್ಲೇವ್ ಅಕ್ಕ:
ಸಿಸ್ಟರ್, ಒಪ್ಪಿದೆ. ಆದರೆ ನರ್ಸಿಂಗ್ ಮುಗಿಸಿದವರು ಮನಸ್ಸಿಟ್ಟು ಇಲ್ಲಿಗೆ ಬರುವುದು ಎಷ್ಟು ಜನ? ಬೆನ್ನು ನೋವು ಅಂತಲೋ, ರಿಟೈರ್‌ಮೆಂಟ್ ಹತ್ತಿರ ಬಂತು ಅಂತಲೋ ಕಳಿಸಿದವರೇ ಜಾಸ್ತಿ. ಈ ಹುಡುಗಿ ಇಷ್ಟಪಟ್ಟು ಕೇಳುತ್ತಿದ್ದಾಳೆ.

ನ್ಯೂಜೆರ್ಸಿ ಕನ್ನಡತಿ:
ಗಂಡನ ಜೊತೆ ಇಲ್ಲಿಗೆ ಬಂದು, ವರ್ಕ್ ಪರ್ಮಿಟ್ ಸಿಕ್ಕ ಮೇಲೆ ಈ ಕೆಲಸಕ್ಕೆ ಸೇರಿದೆ. ಇಲ್ಲಿ ಸ್ಟೆರೈಲ್ ಪ್ರೊಸೆಸಿಂಗ್ ಟೆಕ್ನಿಷಿಯನ್ ಅನ್ನುತ್ತಾರೆ. ನ್ಯೂಜೆರ್ಸಿ, ನ್ಯೂಯಾರ್ಕ್‌ನಲ್ಲಿ ಸರ್ಟಿಫಿಕೇಶನ್ ಇರಬೇಕು ಅಂತ ಕಾನೂನೇ ಇದೆ. ನಾನು ಬರೆದದ್ದು ಎಚ್‌ಎಸ್‌ಪಿಎ ಸಂಸ್ಥೆಯ ಸಿಆರ್‌ಸಿಎಸ್‌ಟಿ ಪರೀಕ್ಷೆ. 150 ಪ್ರಶ್ನೆ. ಜೊತೆಗೆ 400 ಗಂಟೆ ಕೈಯಾರೆ ಕೆಲಸ ಮಾಡಿದ ದಾಖಲೆ ಬೇಕು. ಆಮೇಲೆ ಇನ್‌ಸ್ಟ್ರುಮೆಂಟ್‌ಗೆ, ಎಂಡೋಸ್ಕೋಪ್‌ಗೆ ಬೇರೆ ಬೇರೆ ಸರ್ಟಿಫಿಕೇಟ್ ಇವೆ. ಆದರೆ ಈ ಕೆಲಸ ತೋರಿಸಿ ಅಮೆರಿಕಕ್ಕೆ ಕಳಿಸುತ್ತೇವೆ ಅಂತ ಯಾರಾದರೂ ಏಜೆಂಟ್ ಹೇಳಿದರೆ ನಂಬಬೇಡಿ.

ಅರಸೀಕೆರೆ ಹುಡುಗಿ:
ಎಲ್ಲರಿಗೂ ಥ್ಯಾಂಕ್ಸ್. ಇನ್‌ಸ್ಟಿಟ್ಯೂಟ್ ನಂಬರ್ ಬ್ಲಾಕ್ ಮಾಡಿದೆ. ಇನ್ನೊಂದು ಡೌಟು, ಅಕ್ಕ. ನಮ್ಮ ಓಟಿಯಲ್ಲಿ ಕೇಸ್ ಮುಗಿದ ಮೇಲೆ ಇನ್‌ಸ್ಟ್ರುಮೆಂಟ್‌ಗಳನ್ನು ನಾರ್ಮಲ್ ಸಲೈನ್‌ನಲ್ಲಿ ನೆನೆಸಿ ಕಳಿಸುತ್ತಾರೆ. ಕೆಲವದರ ಮೇಲೆ ಸಣ್ಣ ಸಣ್ಣ ಕಂದು ಚುಕ್ಕೆ ಬಂದಿದೆ. ಅದಕ್ಕೇನಾ?

ಆಟೋಕ್ಲೇವ್ ಅಕ್ಕ:
ಅದಕ್ಕೇ ಇರಬೇಕು. ಸಲೈನ್ ಅಂದರೆ ಉಪ್ಪು ನೀರು, ಸ್ಟೀಲನ್ನು ತಿನ್ನುತ್ತದೆ. ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿ ನೋಡಿ. ಚುಕ್ಕೆ ಹೋಗಿ ಕೆಳಗೆ ನಯವಾಗಿದ್ದರೆ ಬರೀ ಕಲೆ. ಕೆಳಗೆ ಗುಂಡಿ ಕಂಡರೆ ಆ ಪೀಸನ್ನು ಪಕ್ಕಕ್ಕೆ ಇಟ್ಟು ಇನ್‌ಚಾರ್ಜ್‌ಗೆ ತೋರಿಸಿ. ಓಟಿ ಸಿಸ್ಟರ್‌ಗೆ ತಪ್ಪು ತೋರಿಸುವ ಹಾಗೆ ಹೇಳಬೇಡಿ. ಆ ಪೀಸನ್ನೇ ಕೈಗೆ ಕೊಟ್ಟು, "ಸಿಸ್ಟರ್, ಹೀಗಾಗ್ತಿದೆ, ಸಲೈನ್ ಬದಲು ಸಾದಾ ನೀರಲ್ಲಿ ನೆನೆಸಿದ ಬಟ್ಟೆ ಹೊದಿಸಿ ಬೇಗ ಕಳಿಸಿದರೆ ಸಾಕು" ಅನ್ನಿ. ಒಣಗದಿದ್ದರೆ ಅರ್ಧ ಕೆಲಸ ಆದ ಹಾಗೆ. ರಕ್ತ, ಕೊಳೆ ಕರಗಿಸುವ ಎಂಜೈಮ್ ದ್ರಾವಣ ಇದೆಯಾ ನಿಮ್ಮಲ್ಲಿ? ಇದ್ದರೆ ಬಾಟಲಿ ಮೇಲಿನ ಅಳತೆ ಏನಿದೆ ಅಂತ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.